ಹೊಸ ಟೈರ್ ಬಿಡಿ, ಅರ್ಧ ಸವೆದದ್ದನ್ನು ಪರೀಕ್ಷೆ ಮಾಡಿ

ಸಂಪಾದಕರಿಗೆ ನಮಸ್ಕಾರ.

ದಿನಾ ಓಡಿಸುವ ಕಾರನ್ನೇ ಆಗಾಗ ರೇಸಿಗೂ ಇಳಿಸುವವರು ಯಾವ ಟೈರ್ ಹಾಕಿಸಬೇಕು ಅಂತ ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಒಂದು ಲೇಖನ ಬಂದಿತ್ತು. ನಾನು ಅಂಥವರಲ್ಲಿ ಒಬ್ಬಳು. ವಯಸ್ಸು 47. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ವರ್ಷಕ್ಕೆ ನಾಲ್ಕೈದು ಭಾನುವಾರ ಕೋನ್ ಇಟ್ಟು ದಾರಿ ಮಾಡಿದ ಮೈದಾನದಲ್ಲೋ ಟ್ರ್ಯಾಕಿನಲ್ಲೋ ಕಾರು ಓಡಿಸುತ್ತೇನೆ. ಉಳಿದ ದಿನ ಅದೇ ಕಾರಿನಲ್ಲಿ ಶಾಲೆಗೆ, ಮಗಳ ಈಜು ತರಗತಿಗೆ, ಅಪ್ಪನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದಕ್ಕೆ. ಹಾಗಾಗಿ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಕೆಂಪು ಪೆನ್ ಹಿಡಿದುಕೊಂಡು.

ಲೇಖನದಲ್ಲಿ ಆರು ಟೈರ್‌ಗಳ ಪಟ್ಟಿ ಇತ್ತು. ಎಲ್ಲವೂ ಹೊಸವು. ಎಲ್ಲವನ್ನೂ ಒಣ ಟ್ರ್ಯಾಕಿನಲ್ಲಿ ಓಡಿಸಿ, ಒಂದು ಲ್ಯಾಪಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡಿ ರ‍್ಯಾಂಕ್ ಕೊಟ್ಟಿದ್ದೀರಿ. ಮಳೆಯ ಬಗ್ಗೆ ಒಂದೇ ಸಾಲು. ಒದ್ದೆ ರಸ್ತೆಯಲ್ಲಿ ಸ್ವಲ್ಪ ಎಚ್ಚರ ಇರಲಿ ಅಂತ. ಆ ‘ಸ್ವಲ್ಪ ಎಚ್ಚರ’ ಅಂದರೆ ಏನು ಅಂತ ನಾನು ಕಲಿತದ್ದು ಹೆದ್ದಾರಿಯಲ್ಲಿ, ಬಂದ ದಾರಿಗೇ ಮುಖ ಮಾಡಿ ನಿಂತ ಕಾರಿನೊಳಗೆ ಕೂತು.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನನ್ನ ಕಾರಿನಲ್ಲಿದ್ದದ್ದು ನಿಮ್ಮ ಪಟ್ಟಿಯ ಮೊದಲ ರ‍್ಯಾಂಕಿನ ಜಾತಿಯದೇ. ಟ್ರ್ಯಾಕಿಗೆ ಅಂತಲೇ ಮಾಡಿದ, ಆದರೆ ರಸ್ತೆಯಲ್ಲೂ ಓಡಿಸಬಹುದಾದ ಟೈರ್. ಪಕ್ಕೆಯ ಮೇಲೆ ಟ್ರೆಡ್‌ವೇರ್ 200 ಅಂತ, ಅಂದರೆ ಟೈರ್ ಎಷ್ಟು ಬಾಳುತ್ತದೆ ಅನ್ನುವ ಅಂಕ, ಅಚ್ಚಾಗಿತ್ತು. ಮಾರಿದವರು ‘ದಿನಾ ಓಡಿಸಿ ಮೇಡಂ, ಏನೂ ಆಗಲ್ಲ’ ಅಂದರು. ನಾನೂ ನಂಬಿದೆ. ನಂಬುವ ಮನಸ್ಸೂ ಇತ್ತು ಅನ್ನಿ. ಮೊದಲ ಭಾನುವಾರ ಕೋನ್‌ಗಳ ನಡುವೆ ಓಡಿಸಿದಾಗ ಹಳೆ ಸಮಯಕ್ಕಿಂತ ಒಂದೂವರೆ ಸೆಕೆಂಡ್ ಕಡಿಮೆ ಬಂತು. ಮನೆ ಮುಟ್ಟುವವರೆಗೂ ಹಾಡು ಗುನುಗಿಕೊಂಡೇ ಬಂದಿದ್ದೆ.

ಹನ್ನೆರಡು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಮುಂದಿನ ಎರಡು ಟೈರ್ ಸವೆದು ಟ್ರೆಡ್, ಅಂದರೆ ಗೀರುಗಳ ಆಳ, ಎರಡೂವರೆ ಮಿಲಿಮೀಟರ್‌ಗೆ ಬಂದಿತ್ತು. ನನ್ನದು ಮುಂದಿನ ಚಕ್ರ ಎಳೆಯುವ ಕಾರು. ಎಳೆಯುವುದು, ತಿರುಗಿಸುವುದು, ಬ್ರೇಕ್ ಒತ್ತಿದಾಗ ಭಾರ ಹೊರುವುದು ಎಲ್ಲಾ ಅವೇ. ಹಿಂದಿನವು ಇನ್ನೂ ಗಟ್ಟಿಯಾಗಿದ್ದವು. ಟ್ರ್ಯಾಕ್ ಡೇ (ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಇದ್ದ ಹಿಂದಿನ ದಿನ, ಸಮಯ ಚೆನ್ನಾಗಿ ಬರಲಿ ಅಂತ, ಒಳ್ಳೆಯವನ್ನು ಮುಂದಕ್ಕೂ ಸವೆದವನ್ನು ಹಿಂದಕ್ಕೂ ಹಾಕಿಸಿದೆ. ಮರುದಿನ ಟ್ರ್ಯಾಕಿನಲ್ಲಿ ಟೈರ್ ಬಿಸಿಯಾಗಿ ಒಳಗಿನ ಒತ್ತಡ ಏರಿತು. ಎಲ್ಲರೂ ಮಾಡುವಂತೆ ನಾನೂ ಬಿಸಿ ಟೈರಿನಿಂದಲೇ ಗಾಳಿ ಬಿಟ್ಟು 32 ಪಿಎಸ್‌ಐಗೆ ಇಳಿಸಿದೆ. ಸಂಜೆ ಹೆಲ್ಮೆಟ್ಟನ್ನು ಹಿಂದಿನ ಸೀಟಿಗೆ ಎಸೆದು ಹೊರಟೆ. ಗಾಳಿ ವಾಪಸ್ ತುಂಬಿಸಲಿಲ್ಲ. ಸುಸ್ತಾಗಿತ್ತು, ಮರೆತೇ ಹೋಯಿತು.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನಾನು ತೊಂಬತ್ತರಲ್ಲಿದ್ದೆ. ರಸ್ತೆ ಸಣ್ಣಗೆ ಎಡಕ್ಕೆ ಬಾಗುವ ಜಾಗದಲ್ಲಿ ನೀರು ನಿಂತಿತ್ತು. ಮುಂದಿನ ಚಕ್ರಗಳು ನೀರು ಸೀಳಿಕೊಂಡು ಹೋದವು. ಹಿಂದಿನವು ತೇಲಿದವು. ಕಾರಿನ ಹಿಂಭಾಗ ನನ್ನನ್ನು ದಾಟಿಕೊಂಡು ಮುಂದೆ ಬಂತು. ಏನು ಮಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಆ ದಿನ ಬೆಳಿಗ್ಗೆಯಿಂದ ಅದನ್ನೇ ತಾನೇ ಅಭ್ಯಾಸ ಮಾಡಿದ್ದು? ಆದರೆ ನೀರಿನ ಮೇಲೆ ತೇಲುವ ಚಕ್ರಕ್ಕೆ ಯಾವ ಅಭ್ಯಾಸವೂ ನಾಟುವುದಿಲ್ಲ. ಅರ್ಧ ಸುತ್ತು ತಿರುಗಿ ಕಾರು ನಿಂತಿತು. ಪುಣ್ಯಕ್ಕೆ ಹಿಂದೆ ಯಾವ ವಾಹನವೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆ ದಿನ ಮಗಳು ಜೊತೆಗೆ ಬರುತ್ತೇನೆ ಅಂತ ಹಟ ಹಿಡಿದಿದ್ದಳು, ಪರೀಕ್ಷೆ ಇದೆ ಅಂತ ಬೈದು ಬಿಟ್ಟು ಬಂದಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಟ್ರ್ಯಾಕಿನಲ್ಲಿ ಟೈರ್ ಒಳಗಿನ ಗಾಳಿ 80 ಡಿಗ್ರಿ ಸೆಲ್ಸಿಯಸ್ ಇತ್ತು ಅಂತ ಇಟ್ಟುಕೊಳ್ಳಿ. ಅದು 30 ಡಿಗ್ರಿಗೆ ತಣಿದರೆ, ಬಿಸಿಯಲ್ಲಿ 32 ತೋರಿಸಿದ ಗೇಜು ಸುಮಾರು 25 ತೋರಿಸುತ್ತದೆ. ಇನ್ನು ನೀರಿನ ಮೇಲೆ ತೇಲುವ ವೇಗ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳು ಒದ್ದೆ ರನ್‌ವೇಯಲ್ಲಿ ಜಾರುವುದನ್ನು ನೋಡಿ ಒಂದು ಸೂತ್ರ ಕೊಟ್ಟರು. ಗಾಳಿಯ ಒತ್ತಡದ ವರ್ಗಮೂಲಕ್ಕೆ ಒಂದು ಸ್ಥಿರಾಂಕ ಗುಣಿಸಿದರೆ ಆಯಿತು. ಒತ್ತಡ ಪಿಎಸ್‌ಐಯಲ್ಲಿ, ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿ ಬೇಕಾದರೆ ಆ ಸಂಖ್ಯೆ ಹತ್ತಿರ ಹತ್ತಿರ 16.7. ಟ್ರೆಡ್ ಸವೆದು, ಗೀರುಗಳ ಆಳಕ್ಕಿಂತ ನೀರಿನ ಆಳ ಜಾಸ್ತಿ ಆದಾಗ ಈ ಸೂತ್ರ ಅನ್ವಯಿಸುತ್ತದೆ. 25ರ ವರ್ಗಮೂಲ 5. ಗುಣಿಸಿದರೆ 83. ನನ್ನ ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವ 33 ಪಿಎಸ್‌ಐ ಇದ್ದಿದ್ದರೆ 96. ನಾನು ಹೋಗುತ್ತಿದ್ದದ್ದು 90ರಲ್ಲಿ.

ವರ್ಗಮೂಲ ಯಾಕೆ ಕಲೀಬೇಕು ಮಿಸ್ ಅಂತ ಕೇಳುವ ಮಕ್ಕಳಿಗೆ ಈಗ ನನ್ನ ಹತ್ತಿರ ಒಳ್ಳೆ ಉತ್ತರ ಇದೆ.

ತಪ್ಪು ಟೈರಿನದೊಂದೇ ಅಲ್ಲ, ನನ್ನದೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋಡಿ, ಹೊಸತಾಗಿದ್ದಾಗ ಅದೇ ಟೈರ್ ಮಳೆಯಲ್ಲೂ ಪರವಾಗಿಲ್ಲ ಅನ್ನಿಸಿತ್ತು. ಮಾಮೂಲಿ ಟೈರ್ ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಟ್ರೆಡ್ ಇಟ್ಟುಕೊಂಡು ಬರುತ್ತದೆ. ಟ್ರ್ಯಾಕಿನ ಕಡೆ ವಾಲಿದ ಟೈರ್‌ನಲ್ಲಿ ಅದಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಬೇಕಂತಲೇ ಹಾಗೆ ಮಾಡುತ್ತಾರೆ. ಉದ್ದನೆಯ ರಬ್ಬರ್ ತುಂಡುಗಳು ತಿರುವಿನಲ್ಲಿ ಅತ್ತಿತ್ತ ಬಾಗಿ ಬಿಸಿಯಾಗುತ್ತವೆ, ಗಿಡ್ಡಗಿದ್ದರೆ ಗಟ್ಟಿಯಾಗಿ ನಿಲ್ಲುತ್ತವೆ. ಗೀರುಗಳೂ ಕಡಿಮೆ. ಅಂದರೆ ನೀರು ಹೊರಗೆ ಹಾಕುವ ಶಕ್ತಿ ಮೊದಲೇ ಅಳತೆ ಹಿಡಿದು ಕೊಟ್ಟದ್ದು, ಸವೆತವೂ ಬೇಗ. ಇಂಥ ಟೈರನ್ನು ದಿನಾ ಓಡಿಸುವವರು ಅದರ ಆಯಸ್ಸಿನ ಹೆಚ್ಚಿನ ಪಾಲು ಅರ್ಧ ಸವೆದ ಸ್ಥಿತಿಯಲ್ಲೇ ಕಳೆಯುತ್ತಾರೆ. ನಿಮ್ಮ ಪರೀಕ್ಷೆ ಮುಗಿಯುವುದು ಮೊದಲ ದಿನದಲ್ಲೇ.

ಕೆಂಪು ಪೆನ್ನಿನ ಎರಡನೇ ಗೆರೆ ಟ್ರೆಡ್‌ವೇರ್ ಮೇಲೆ. 200 ಅಂದರೆ ಇಪ್ಪತ್ತು ಸಾವಿರ ಕಿಲೋಮೀಟರ್, 400 ಅಂದರೆ ನಲವತ್ತು ಸಾವಿರ ಅಂತ ಬರೆದಿದ್ದೀರಿ. ಹಾಗಲ್ಲ. ಇದು ಅಮೆರಿಕದ ಸರ್ಕಾರ ತಂದ ಅಳತೆ. ಟೆಕ್ಸಾಸ್‌ನ ರಸ್ತೆಗಳಲ್ಲಿ ಒಂದು ಮಾದರಿ ಟೈರಿನ ಜೊತೆಗೆ ಸುಮಾರು 11,600 ಕಿಲೋಮೀಟರ್ ಓಡಿಸಿ, ಎಷ್ಟು ಸವೆಯಿತು ಅಂತ ಹೋಲಿಸಿ, ಮುಂದಿನದನ್ನು ಲೆಕ್ಕದಲ್ಲಿ ಊಹಿಸುತ್ತಾರೆ. 100 ಅನ್ನುವುದು ಆಧಾರ. ಅದರ ಎರಡರಷ್ಟು ಬಾಳಬಹುದಾದರೆ 200. ಈ ಅಂಕ ಕೊಟ್ಟುಕೊಳ್ಳುವವರು ಟೈರ್ ಕಂಪನಿಯವರೇ. ಮಕ್ಕಳು ತಮ್ಮ ಉತ್ತರ ಪತ್ರಿಕೆ ತಾವೇ ತಿದ್ದಿಕೊಂಡಂತೆ! ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಅಂಕ ಉಪಯೋಗಕ್ಕೆ ಬರುತ್ತದೆ. ಒಂದು ಕಂಪನಿಯ 200ನ್ನು ಇನ್ನೊಂದರ 240ರ ಪಕ್ಕ ಇಟ್ಟು ತೀರ್ಪು ಕೊಡಲಾಗದು. ಹವ್ಯಾಸಿ ರೇಸ್ ನಡೆಸುವ ಎಷ್ಟೋ ಕ್ಲಬ್‌ಗಳು ರಸ್ತೆ ಟೈರಿನ ವಿಭಾಗಕ್ಕೆ ‘ಕನಿಷ್ಠ 200’ ಅಂತ ನಿಯಮ ಮಾಡಿವೆ. ಗೆಲ್ಲಬೇಕು ಅಂತ ಮಾಡಿದ ಟೈರ್‌ಗಳ ಮೇಲೆ ಸರಿಯಾಗಿ 200 ಅಂತಲೇ ಅಚ್ಚಾಗಿರುವುದು ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ.

ಅದರ ಪಕ್ಕದಲ್ಲೇ ಇರುವ ‘ಎಎ’, ‘ಎ’ ಅನ್ನುವ ಟ್ರ್ಯಾಕ್ಷನ್ ದರ್ಜೆಯನ್ನು ತಿರುವಿನ ಹಿಡಿತ ಅಂತ ವಿವರಿಸಿದ್ದೀರಿ. ಅದು ಒದ್ದೆ ನೆಲದಲ್ಲಿ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತ ಮಾತ್ರ. ತಿರುವಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಸಣ್ಣ ತಕರಾರು. ಚಿತ್ರದ ಕೆಳಗೆ ‘ಆಳವಾದ ಗೀರುಗಳೇ ಹಿಡಿತದ ಗುಟ್ಟು’ ಅಂತ ಹಾಕಿದ್ದೀರಿ. ಒಣ ರಸ್ತೆಯಲ್ಲಿ ಗೀರು ಇದ್ದಷ್ಟೂ ನೆಲ ಮುಟ್ಟುವ ರಬ್ಬರ್ ಕಡಿಮೆ. ಫಾರ್ಮುಲಾ ಒನ್‌ನಲ್ಲಿ 1998ರಿಂದ 2008ರವರೆಗೆ ಗೀರಿರುವ ಟೈರ್ ಕಡ್ಡಾಯ ಮಾಡಿದ್ದೇ ತಿರುವಿನಲ್ಲಿ ಕಾರುಗಳ ವೇಗ ಇಳಿಯಲಿ ಅಂತ. 2009ರಲ್ಲಿ ನುಣುಪು ಟೈರ್ ವಾಪಸ್ ಬಂತು. ಗೀರು ಇರುವುದು ನೀರಿಗೆ. ಅಷ್ಟೇ.

ಟೈರ್ ಆಯ್ಕೆಯಲ್ಲಿ ಮುಖ್ಯವಾಗಿ ಕೇಳಬೇಕಾದ ಒಂದು ಪ್ರಶ್ನೆ ನಿಮ್ಮ ಲೇಖನದಲ್ಲಿ ಇರಲೇ ಇಲ್ಲ. ಎಷ್ಟು ಹೊತ್ತು ಓಡಿಸುತ್ತೀರಿ? ಕೋನ್‌ಗಳ ಓಟ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಸರದಿಗೆ ಕಾಯಬೇಕು, ಟೈರ್ ತಣ್ಣಗಾಗುತ್ತದೆ. ಅಲ್ಲಿ ಬೇಗ ಬಿಸಿಯಾಗುವ ಟೈರ್ ಬೇಕು. ಟ್ರ್ಯಾಕ್ ಡೇಯಲ್ಲಿ ಒಂದೊಂದು ಸರದಿ ಹದಿನೈದು ಇಪ್ಪತ್ತು ನಿಮಿಷ ಇರುತ್ತದೆ. ಅಲ್ಲಿ ಬಿಸಿ ತಡೆದುಕೊಳ್ಳುವ ಟೈರ್ ಬೇಕು. ಎರಡೂ ಒಂದೇ ಅಲ್ಲ. ಟ್ರ್ಯಾಕಿನ ರಬ್ಬರ್‌ಗೆ ಹದ ಬರುವುದೇ ಬಿಸಿಯಾದ ಮೇಲೆ. ಬೆಳಿಗ್ಗೆ ಶಾಲೆಗೆ ಹೋಗುವ ಎಂಟು ಕಿಲೋಮೀಟರ್‌ನಲ್ಲಿ ಅದಕ್ಕೆ ಆ ಬಿಸಿ ಯಾವತ್ತೂ ಸಿಗುವುದಿಲ್ಲ. ಅಂದರೆ ಮಗುವೊಂದು ಚೆಂಡಿನ ಹಿಂದೆ ಓಡಿ ಬಂದಾಗ ಬ್ರೇಕ್ ಒತ್ತಬೇಕಾದ ಟೈರ್ ತಣ್ಣಗಿನ ಟೈರ್. ಚಳಿಗಾಲದಲ್ಲಿ ಉಷ್ಣಾಂಶ 7 ಡಿಗ್ರಿಗಿಂತ ಕೆಳಗೆ ಹೋಗುವ ಕಡೆಗಳಲ್ಲಿ ಮಾಮೂಲಿ ಬೇಸಿಗೆ ಟೈರೇ ಗಡುಸಾಗುತ್ತದೆ. ಇನ್ನು ಟ್ರ್ಯಾಕ್ ಟೈರಿನ ಕಥೆ ಕೇಳಬೇಕೆ?

ದೊಡ್ಡ ರಿಮ್ ಹಾಕಿಸಿ ಅನ್ನುವ ನಿಮ್ಮ ಸಲಹೆಗೂ ಒಂದು ಮಾತು ಸೇರಿಸಬೇಕು. ನನ್ನ ಕಾರಿನ ಅಳತೆ 205/55 ಆರ್16 91ವಿ. ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು. ಇದನ್ನು 215/45 ಆರ್17ಗೆ ಬದಲಾಯಿಸಿದರೆ ಸುತ್ತಳತೆ ಒಂದು ಪರ್ಸೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಇಷ್ಟನ್ನು ನೀವೂ ಬರೆದಿದ್ದೀರಿ. ಆದರೆ ಆ 91 ಏನಾಯಿತು? ಅದು ಒಂದು ಟೈರ್ ಹೊರುವ ಭಾರದ ಸೂಚಿ. 91 ಅಂದರೆ 615 ಕೆ.ಜಿ. ಆ 17 ಇಂಚಿನ ಟೈರಿನ ಮಾಮೂಲಿ ರೂಪದಲ್ಲಿ 87 ಇರುತ್ತದೆ, ಅಂದರೆ 545 ಕೆ.ಜಿ. ನಾಲ್ಕು ಟೈರಿಗೆ 280 ಕೆ.ಜಿ. ಕಡಿಮೆಯಾಯಿತು. ಟ್ರ್ಯಾಕಿನಲ್ಲಿ ಒಬ್ಬರೇ ಇರುತ್ತೀರಿ, ಗೊತ್ತಾಗುವುದಿಲ್ಲ. ಮನೆಮಂದಿಯೆಲ್ಲ ಸಾಮಾನು ಹೇರಿಕೊಂಡು ಹೊರಟಾಗ ಅದು ಲೆಕ್ಕಕ್ಕೆ ಬರುತ್ತದೆ. ಅದೇ ಅಳತೆಯಲ್ಲಿ ‘ಎಕ್ಸ್‌ಎಲ್’ ಅಂತ ಬರೆದಿರುವ, 91 ಇರುವ ಟೈರ್ ಸಿಗುತ್ತದೆ. ಅದನ್ನೇ ಕೇಳಿ ತೆಗೆದುಕೊಳ್ಳಿ ಅಂತ ಬರೆದಿದ್ದರೆ ಒಂದು ಸಾಲಿನ ಜಾಗ ಸಾಕಿತ್ತು. ಕೊನೆಯ ‘ವಿ’ ವೇಗದ ಮಿತಿ, ಗಂಟೆಗೆ 240 ಕಿಲೋಮೀಟರ್. ಕಾರಿನ ಜೊತೆ ಬಂದದ್ದಕ್ಕಿಂತ ಕೆಳಗಿನ ಅಕ್ಷರ ಹಾಕಿಸಬಾರದು.

ಅಪ್ಪ ಲಾರಿ ಓಡಿಸುತ್ತಿದ್ದವರು. ಈಗ ಕಣ್ಣು ಮಂಜು. ಆದರೂ ನಾನು ಟ್ರ್ಯಾಕಿನಿಂದ ಬಂದ ಮೇಲೆ ಗೋಡೆ ಹಿಡಿದು ಕಾರಿನ ಹತ್ತಿರ ಬಂದು ಟೈರಿನ ಮೇಲೆ ಅಂಗೈ ಆಡಿಸುತ್ತಾರೆ. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ‘ಅಲೈನ್‌ಮೆಂಟ್ ಹೋಗಿದೆ ಕಣಮ್ಮ’ ಅನ್ನುತ್ತಾರೆ. ಒಮ್ಮೆಯೂ ತಪ್ಪಿಲ್ಲ. ಹೊರ ಅಂಚು ಮಾತ್ರ ತಿಂದುಹೋಗಿದ್ದರೆ ತಿರುವಿನಲ್ಲಿ ಟೈರ್ ಪಕ್ಕೆಯ ಕಡೆಗೆ ಮಗುಚುತ್ತಿದೆ ಅಂತ ಅರ್ಥ. ಗಾಳಿ ಕಡಿಮೆ ಇರಬಹುದು, ಅಥವಾ ಚಕ್ರದ ಓರೆ ಸಾಲದಿರಬಹುದು. ಇದನ್ನು ತಿಳಿಯಲು ನನ್ನದು ಇನ್ನೂ ಸುಲಭದ ಉಪಾಯ. ಶಾಲೆಯ ಸೀಮೆಸುಣ್ಣ. ಓಟಕ್ಕೆ ಮೊದಲು ಟ್ರೆಡ್ಡಿನ ಅಂಚಿನಿಂದ ಪಕ್ಕೆಯ ಮೇಲಕ್ಕೆ ಒಂದು ಗೆರೆ ಎಳೆಯುತ್ತೇನೆ. ಬಂದ ಮೇಲೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಮಗುಚಿದೆ. ಪಕ್ಕೆಯ ಮೇಲೂ ಅಳಿಸಿದ್ದರೆ ಗಾಳಿ ಎರಡು ಪಿಎಸ್‌ಐ ಜಾಸ್ತಿ ಹಾಕುತ್ತೇನೆ.

ಅಪ್ಪನ ಜೊತೆ ನನ್ನ ಜಗಳ ಒಂದೇ ವಿಷಯಕ್ಕೆ. ಹೊಸ ಟೈರ್ ಮುಂದೆ ಹಾಕಬೇಕು ಅನ್ನುವುದು ಅವರ ವಾದ. ಮುಂದಿನದು ಸಿಡಿದರೆ ಸ್ಟೀರಿಂಗ್ ಕೈಬಿಡುತ್ತದೆ ಅಂತ. ಕಾರಿನಲ್ಲಿ ಆಳ ಜಾಸ್ತಿ ಇರುವುದು ಹಿಂದೆ ಇರಬೇಕು ಅನ್ನುವುದು ನನ್ನದು. ಟೈರ್ ಕಂಪನಿಗಳು ಹೇಳುವುದೂ ಅದನ್ನೇ. ಮುಂದಿನವು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನವು ಜಾರಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ. ಅಪ್ಪ ಒಪ್ಪಿಲ್ಲ.

ಈಗ ನನ್ನ ಕಾರಿನಲ್ಲಿರುವುದು ಟ್ರೆಡ್‌ವೇರ್ 300ರ, ಒದ್ದೆ ರಸ್ತೆಗೆ ಒಳ್ಳೆ ಹೆಸರಿರುವ ಪರ್ಫಾರ್ಮೆನ್ಸ್ ಟೈರ್. ಅಳತೆ ಕಾರಿನ ಜೊತೆ ಬಂದದ್ದೇ. ಮೊದಲ ಟ್ರ್ಯಾಕ್ ಡೇಯಲ್ಲಿ ಹಳೆ ಟೈರಿಗಿಂತ ಎರಡು ಸೆಕೆಂಡ್ ನಿಧಾನ ಬಂತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇದು ಮಾತಾಡುವ ಟೈರ್. ಜಾರುವ ಮೊದಲು ಕಿರುಗುಟ್ಟುತ್ತದೆ, ಜೋರಾಗಿ ಕಿರುಚುತ್ತದೆ, ಆಮೇಲೆ ಮೆಲ್ಲಗೆ ಬಿಡುತ್ತದೆ. ಹಳೆಯದು ಕೊನೆಯವರೆಗೂ ಸುಮ್ನೆ ಇದ್ದು ಒಮ್ಮೆಗೇ ಕೈಬಿಡುತ್ತಿತ್ತು. ಎಲ್ಲಿ ಬ್ರೇಕ್ ಬಿಡಬೇಕು, ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಸಾಕು ಅನ್ನುವುದನ್ನು ನಾನು ಕಲಿತದ್ದು ಈ ಕಿರುಚಾಟದಿಂದಲೇ. ಎರಡನೇ ವರ್ಷಕ್ಕೆ ಆ ಎರಡು ಸೆಕೆಂಡಿನಲ್ಲಿ ಒಂದೂಕಾಲು ವಾಪಸ್ ಬಂತು. ನಾಲ್ಕೈದು ಲ್ಯಾಪ್ ಜೋರು ಓಡಿಸಿದರೆ ರಬ್ಬರ್ ಬಿಸಿಯಾಗಿ ಎಣ್ಣೆ ಸವರಿದ ಹಾಗೆ ಆಗುವುದು ನಿಜ. ಆಗ ಒಂದು ಲ್ಯಾಪ್ ನಿಧಾನ ಹೋಗುತ್ತೇನೆ. ಇನ್ನು ಮಗಳ ಮಟ್ಟಿಗೆ ದೊಡ್ಡ ಲಾಭ ಅಂದರೆ ಕಾರಿನೊಳಗೆ ಹಾಡು ಕೇಳಿಸುತ್ತದೆ. ಹಳೆ ಟೈರಿನ ಗುಂಯ್‌ಗುಡುವಿಕೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಎರಡು ಜೊತೆ ಚಕ್ರ ಇಟ್ಟುಕೊಳ್ಳಿ, ಭಾನುವಾರಕ್ಕೆ ಬೇರೆ ಅಂತ ಕೆಲವರು ಹೇಳುತ್ತಾರೆ. ತಿಂಗಳಿಗೊಮ್ಮೆ ಹೋಗುವವರಿಗೆ ಅದೇ ಸರಿ. ನನ್ನಂತೆ ವರ್ಷಕ್ಕೆ ನಾಲ್ಕು ಸಲ ಹೋಗುವವರ ಎರಡನೇ ಜೊತೆ ಸವೆಯುವ ಮೊದಲೇ ಗಡುಸಾಗುತ್ತದೆ. ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ರಬ್ಬರಿನ ಜೀವ ಹೋಗಿರುತ್ತದೆ, ಟ್ರೆಡ್ ನೋಡಿದರೆ ಮಾತ್ರ ಹೊಸದರ ಹಾಗೇ ಇರುತ್ತದೆ. ನಮ್ಮನೆಯವರಂತೂ ಇನ್ನು ನಾಲ್ಕು ಚಕ್ರ ಮನೆಗೆ ಬಂದರೆ ತಾವು ಎಲ್ಲಿ ಮಲಗಬೇಕು ಅಂತ ಕೇಳಿದ್ದಾರೆ.

ಇಷ್ಟೆಲ್ಲಾ ಬರೆದದ್ದು ತಪ್ಪು ಎತ್ತಿ ತೋರಿಸುವುದಕ್ಕಲ್ಲ. ಮುಂದಿನ ಸಲ ಟೈರ್ ಪರೀಕ್ಷೆ ಮಾಡುವಾಗ ಒಂದು ಕೆಲಸ ಮಾಡಿ. ಆ ಆರು ಟೈರ್‌ಗಳನ್ನು ಟ್ರೆಡ್ 3 ಮಿಲಿಮೀಟರ್ ಉಳಿಯುವವರೆಗೆ ಉಜ್ಜಿಸಿ, ಒದ್ದೆ ನೆಲದಲ್ಲಿ ಮತ್ತೊಮ್ಮೆ ಬ್ರೇಕ್ ಹಾಕಿ ನೋಡಿ. ಎಷ್ಟೋ ಕಡೆ ಕಾನೂನಿನ ಮಿತಿ 1.6 ಮಿಲಿಮೀಟರ್, ಅಲ್ಲಿಯವರೆಗೆ ಇಳಿಸಿ ಅನ್ನುತ್ತಿಲ್ಲ. ಇದು ನನ್ನ ಹುಚ್ಚು ಅಂದುಕೊಳ್ಳಬೇಡಿ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಮಾದರಿಯ ಕಾರ್ ಟೈರ್‌ಗಳು ಸವೆದ ಸ್ಥಿತಿಯಲ್ಲೂ ಒದ್ದೆ ರಸ್ತೆಯಲ್ಲಿ ಇಂತಿಷ್ಟು ಹಿಡಿತ ತೋರಿಸಲೇಬೇಕು ಅಂತ ನಿಯಮ ಬಂದಿದೆ. ಅಂಥ ಪರೀಕ್ಷೆಯಲ್ಲಿ ನಿಮ್ಮ ಮೊದಲ ರ‍್ಯಾಂಕ್ ಟೈರ್ ಎಷ್ಟನೆಯದಾಗುತ್ತದೆ ಅಂತ ನೋಡುವ ಕುತೂಹಲ ನನಗಿದೆ.

ಜೊತೆಗೆ ಪಟ್ಟಿಯಲ್ಲಿ ಪ್ರತಿ ಟೈರ್ ತಯಾರಾದ ವಾರವನ್ನೂ ಹಾಕಿ. ಪಕ್ಕೆಯ ಮೇಲೆ ‘ಡಾಟ್’ ಅನ್ನುವ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ. ನಿಮ್ಮ ಲೇಖನದ ಜೊತೆಗಿದ್ದ ದೊಡ್ಡ ಚಿತ್ರವನ್ನು ಮಗಳ ಭೂತಗನ್ನಡಿ ಇಟ್ಟು ನೋಡಿದೆ. ಮೊದಲ ಎರಡು ಅಂಕಿ ಕಾಣಿಸಿತು, ಉಳಿದೆರಡರ ಮೇಲೆ ನಿಮ್ಮ ಪತ್ರಿಕೆಯ ಮುದ್ರೆ ಬಂದು ಕೂತಿದೆ.

ಇಂತಿ,
ನಿಮ್ಮ ಓದುಗಳು, ಗಣಿತದ ಟೀಚರ್